ನೆಲೆ ಬಿಟ್ಟ ನೀರಳತೆಯ ಮನೆ

ಮುಂಗಾರು ಹಿಡಿದ ಮೇಲೆ ನಮ್ಮ ದಿನಪತ್ರಿಕೆಗಳ ಮೂಲೆಯಲ್ಲಿ ಒಂದು ಸಣ್ಣ ಚೌಕ ಕಾಣಿಸಿಕೊಳ್ಳುತ್ತದೆ. ಜಲಾಶಯಗಳ ಮಟ್ಟ ಎಂಬುದು ಅದರ ತಲೆಬರಹ. ಕನ್ನಂಬಾಡಿಯ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಮಂಡ್ಯದ ಸೀಮೆಯ ರೈತರು ರಾಜಧಾನಿಯ ಸುದ್ದಿಗಿಂತ ಮೊದಲು ಓದುವುದು ಈ ಚೌಕವನ್ನು. ಅದೇ ಚೌಕದಲ್ಲಿ ತುಂಗಭದ್ರೆಯ ಗರಿಷ್ಠ ಮಟ್ಟ 1633 ಅಡಿ ಎಂದಿರುತ್ತದೆ. ಲಿಂಗನಮಕ್ಕಿಯದು 1819 ಅಡಿ. ಹಾಗಾದರೆ ತುಂಗಭದ್ರೆಯು ಕನ್ನಂಬಾಡಿಗಿಂತ ಹದಿಮೂರು ಪಾಲು ಆಳವೆ? ಖಂಡಿತವಾಗಿ ಅಲ್ಲ. ಒಂದು ಕಡೆ ಆ ಕಟ್ಟೆಗೆಂದೇ ಗೊತ್ತುಮಾಡಿಕೊಂಡ ಸೊನ್ನೆಯಿಂದ ಮೇಲಕ್ಕೆ ಎಣಿಸಿದ್ದಾರೆ. ಇನ್ನೊಂದು ಕಡೆ ಸಮುದ್ರದ ಮಟ್ಟದಿಂದ ಎಣಿಸಿದ್ದಾರೆ. ಅಂಕಿಗೆ ಅರ್ಥ ಬರುವುದು ಅದರ ಸೊನ್ನೆ ಎಲ್ಲಿ ನಿಂತಿದೆ ಎಂಬುದರಿಂದ.

ಇಂದು ನಾನು ಹೇಳಹೊರಟಿರುವುದು ಹೀಗೆ ತನ್ನ ಸೊನ್ನೆಯನ್ನು ಕಳೆದುಕೊಂಡ ಒಂದು ನೀರಳತೆಯ ಮನೆಯ ಚರಿತ್ರೆಯನ್ನು. ಅದು ಇರುವುದು ಈಜಿಪ್ಟ್ ದೇಶದ ದಕ್ಷಿಣದಲ್ಲಿ, ಅಸ್ವಾನಿನ ದೊಡ್ಡ ಅಣೆಕಟ್ಟಿನ ಹಿಂದೆ ನಿಂತ ನೀರಿನ ದಡದಲ್ಲಿ. ನಾನು ಆ ದೇಶವನ್ನು ಕಣ್ಣಾರೆ ಕಂಡವನಲ್ಲ. ಕನ್ನಡ ಪಾಠ ಹೇಳಿ ನಿವೃತ್ತನಾದವನು. ನನ್ನನ್ನು ಅಲ್ಲಿಗೆ ಕರೆದೊಯ್ದದ್ದು ಒಂದು ಮಾತು. ಮೊಳ ಎಂಬ ಮಾತು.

ಮೊಳವೆಂದರೆ ಮೊಳಕೈಯಿಂದ ನಡುಬೆರಳ ತುದಿಯವರೆಗಿನ ಅಳತೆ. ಇಂದಿಗೂ ಹೂವಾಡಗಿತ್ತಿ ಮಲ್ಲಿಗೆಯನ್ನು ಅಳೆಯುವುದು ಈ ಮೊಳದಿಂದಲೇ. ಅವಳ ಮೊಳಕ್ಕೂ ಕೊಳ್ಳುವವಳ ಮೊಳಕ್ಕೂ ಎಂದಿನ ಜಗಳವಿದೆ, ಇರಲಿ. ಲ್ಯಾಟಿನ್ನಿನಲ್ಲಿ ಇದೇ ಅಳತೆಯ ಹೆಸರಿಗೆ ಮೊಳಕೈ ಎಂದೇ ಅರ್ಥ. ಅರಬ್ಬಿಯಲ್ಲಿ ಇದು ದಿರಾ, ಅಂದರೆ ತೋಳು. ಪ್ರಾಚೀನ ಈಜಿಪ್ಟಿನವರು ಈ ಅಳತೆಯನ್ನು ಬರೆಯುತ್ತಿದ್ದುದು ಮುಂಗೈಯ ಚಿತ್ರದಿಂದ. ಅವರ ರಾಜಮೊಳಕ್ಕೆ ಏಳು ಅಂಗೈ, ಅಂದರೆ ಇಪ್ಪತ್ತೆಂಟು ಬೆರಳು. ಇಂದಿನ ಲೆಕ್ಕದಲ್ಲಿ ಸುಮಾರು 52 ಸೆಂಟಿಮೀಟರ್. ಪರಸ್ಪರ ಮುಖವನ್ನೇ ನೋಡದ ಜನಗಳು ತಮ್ಮ ತಮ್ಮ ತೋಳನ್ನೇ ಅಳತೆಗೋಲು ಮಾಡಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಈಜಿಪ್ಟಿನವರು ಆ ತೋಳನ್ನು ನದಿಗೆ ಚಾಚಿದರು. ಅವರ ಅನ್ನ, ಅವರ ಕಂದಾಯ, ಅವರ ಹಬ್ಬ ಎಲ್ಲವೂ ನೈಲ್ ನದಿ ಆ ವರ್ಷ ಎಷ್ಟು ಮೊಳ ಏರಿತು ಎಂಬುದನ್ನು ಅವಲಂಬಿಸಿತ್ತು.

ಈಜಿಪ್ಟಿನಲ್ಲಿ ಮಳೆಯೆಂಬುದು ಇಲ್ಲವೆಂದೇ ಹೇಳಬೇಕು. ಮಳೆ ಬೀಳುವುದು ದೂರದ ಇಥಿಯೋಪಿಯದ ಬೆಟ್ಟಗಳ ಮೇಲೆ. ಆ ನೀರು ಜೂನ್ ತಿಂಗಳ ಹೊತ್ತಿಗೆ ಅಸ್ವಾನನ್ನು ಮುಟ್ಟತೊಡಗಿ ಸೆಪ್ಟೆಂಬರಿನಲ್ಲಿ ತುಂಬು ಪ್ರವಾಹವಾಗುತ್ತಿತ್ತು. ಕಪ್ಪು ಮಣ್ಣನ್ನು ಹೊಲಗಳ ಮೇಲೆ ಹಾಸಿ ಹಿಂದೆ ಸರಿಯುತ್ತಿತ್ತು. ತಲೆಯ ಮೇಲೆ ಮೋಡವಿಲ್ಲದ ನಾಡಿಗೆ ಮುಂದಿನ ವರ್ಷದ ಭವಿಷ್ಯವನ್ನು ತಿಳಿಯಲು ಇದ್ದ ಪಂಚಾಂಗ ಇದೊಂದೇ. ಆದ್ದರಿಂದ ನದಿಯ ದಡದಲ್ಲಿ, ಬಹುಮಟ್ಟಿಗೆ ದೇವಾಲಯಗಳ ಆವರಣದಲ್ಲೇ, ನೀರಳತೆಯ ಮನೆಗಳು ಎದ್ದವು. ಕೆಲವು ಕಡೆ ನೀರಿಗಿಳಿಯುವ ಮೆಟ್ಟಿಲ ಸಾಲು, ಕೆಲವು ಕಡೆ ನದಿಯೊಡನೆ ಸಂಬಂಧವುಳ್ಳ ಬಾವಿ, ಕೆಲವು ಕಡೆ ಗೆರೆ ಕೊರೆದ ಕಂಬ. ಪಾಶ್ಚಾತ್ಯರು ಇವನ್ನು ನೈಲೋಮೀಟರ್ ಎಂದರು. ಅರಬರು ಮಿಕ್ಯಾಸ್, ಅಂದರೆ ಅಳೆಯುವ ಸಾಧನ, ಎಂದರು.

ಕ್ರಿಸ್ತಪೂರ್ವ 25ರ ಸುಮಾರಿನಲ್ಲಿ ಆ ಸೀಮೆಯಲ್ಲಿ ಸಂಚರಿಸಿದ ಗ್ರೀಕ್ ಭೂಗೋಳಜ್ಞ ಸ್ಟ್ರಾಬೋ ಅಸ್ವಾನಿನ ಎದುರಿಗಿರುವ ಎಲಿಫೆಂಟೈನ್ ದ್ವೀಪದ ಅಳತೆಬಾವಿಯನ್ನು ವರ್ಣಿಸಿದ್ದಾನೆ. ಅದರಿಂದ ಒಕ್ಕಲಿಗನಿಗೆ ಕಾಲುವೆ ಏರಿಗಳ ಸಿದ್ಧತೆಗೆ ಪ್ರಯೋಜನ, ಅಧಿಕಾರಿಗೆ ಕಂದಾಯದ ನಿಶ್ಚಯಕ್ಕೆ ಪ್ರಯೋಜನ ಎಂದು ಅವನು ಗುರುತಿಸಿದ. ನದಿ ಹೆಚ್ಚು ಏರಿದ ವರ್ಷ ತೆರಿಗೆಯೂ ಏರುತ್ತಿತ್ತು. ರೋಮಿನ ಪ್ಲಿನಿ ಕೊಡುವ ಲೆಕ್ಕದ ತಾತ್ಪರ್ಯ ಇದು: 12 ಮೊಳ ಏರಿದರೆ ಕ್ಷಾಮ, 13ಕ್ಕೆ ಅರೆಹೊಟ್ಟೆ, 14ಕ್ಕೆ ಮುಖದಲ್ಲಿ ಗೆಲುವು, 15ಕ್ಕೆ ನಿಶ್ಚಿಂತೆ, 16ಕ್ಕೆ ಸಂಭ್ರಮ. ವ್ಯಾಟಿಕನ್ನಿನಲ್ಲಿರುವ ನೈಲ್ ದೇವತೆಯ ದೊಡ್ಡ ಶಿಲ್ಪದಲ್ಲಿ ಅವನ ಮೈಮೇಲೆ ಹತ್ತಿ ಆಡುವ ಮಕ್ಕಳು ಹದಿನಾರು. ಒಂದೊಂದು ಮಗು ಒಂದೊಂದು ಮೊಳ.

ಇಲ್ಲಿ ಒಂದು ಸೂಕ್ಷ್ಮವಿದೆ. ಒಂದೇ ಪ್ರವಾಹ ಎಲ್ಲ ಊರುಗಳಲ್ಲಿಯೂ ಒಂದೇ ಅಂಕಿಯನ್ನು ತೋರಿಸುವುದಿಲ್ಲ. ಎಲಿಫೆಂಟೈನಿನಲ್ಲಿ 28 ಮೊಳ ಏರುವ ನೀರು ಮೆಂಫಿಸ್ ನಗರದಲ್ಲಿ 14, ಸಮುದ್ರದ ಹತ್ತಿರದ ಮೆಂಡಿಸ್ ಪಟ್ಟಣದಲ್ಲಿ 6 ಎಂದು ಪ್ಲೂಟಾರ್ಕ್ ಬರೆದಿದ್ದಾನೆ. ಇಕ್ಕಟ್ಟಾದ ಕಣಿವೆಯಲ್ಲಿ ನದಿ ಎತ್ತರಕ್ಕೆ ಏರುತ್ತದೆ, ಬಯಲಿನಲ್ಲಿ ಅಗಲಕ್ಕೆ ಹರಡುತ್ತದೆ. ಆದುದರಿಂದ ಪ್ಲಿನಿಯ ಹದಿನಾರು ಮೊಳವನ್ನು ಅಸ್ವಾನಿಗೆ ಒಯ್ದರೆ ಅದು ಸಂಭ್ರಮವಲ್ಲ, ಸಾವು. ನೀರಳತೆಯ ಮನೆ ತನ್ನ ಸ್ಥಳದ ಭಾಷೆಯನ್ನು ಮಾತ್ರ ಆಡಬಲ್ಲದು.

ನಮ್ಮ ಕೆರೆಗಳ ಮಾತೂ ಹಾಗೆಯೇ. ನಾನು ಹುಡುಗನಾಗಿದ್ದಾಗ ನಮ್ಮೂರ ನೀರುಗಂಟಿ ಸಂಜೆ ಜಗಲಿಗೆ ಬಂದು ನೀರು ಎರಡನೆಯ ಕಲ್ಲು ಬಿಟ್ಟಿತು ಎಂದು ಹೇಳಿ ಹೋಗುತ್ತಿದ್ದ. ತೂಬಿನ ಬಳಿಯ ಕಲ್ಲುಗಳು ಅವು. ಅಷ್ಟು ಹೇಳಿದರೆ ಸಾಕು, ಬೇಸಗೆಯ ಬೆಳೆಗೆ ಕೈಹಾಕಬಹುದೋ ಇಲ್ಲವೋ ಎಂಬುದು ಹಿರಿಯರಿಗೆ ತಿಳಿಯುತ್ತಿತ್ತು. ಪಕ್ಕದ ಊರಿನವನಿಗೆ ಆ ಎರಡನೆಯ ಕಲ್ಲಿನಿಂದ ಏನೂ ತಿಳಿಯುತ್ತಿರಲಿಲ್ಲ.

ಇನ್ನು ಕಥೆಯ ಮನೆಗೆ ಬರುತ್ತೇನೆ. ಅಸ್ವಾನಿನಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ನೈಲಿನ ಪಶ್ಚಿಮ ದಡದಲ್ಲಿ, ಕಲಾಬ್ಶಾ ಎಂಬ ಊರಿತ್ತು. ಪ್ರಾಚೀನರು ಅದನ್ನು ತಲ್ಮಿಸ್ ಎನ್ನುತ್ತಿದ್ದರು. ಅದು ಈಜಿಪ್ಟಿನ ಎಲ್ಲೆ ದಾಟಿದ ನೂಬಿಯಾ ಸೀಮೆ. ರೋಮಿನ ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ಅಲ್ಲಿ ಮಂಡುಲಿಸ್ ಎಂಬ ನೂಬಿಯದ ಸೂರ್ಯದೇವನಿಗೆ ಮರಳುಗಲ್ಲಿನ ದೊಡ್ಡ ದೇವಾಲಯವನ್ನು ಕಟ್ಟಿದರು. ಗುಡಿಗೂ ಅದನ್ನು ಬಳಸಿದ ಒಳಪ್ರಾಕಾರಕ್ಕೂ ನಡುವಣ ಹಾದಿಯಲ್ಲಿ ಸಾಗಿದರೆ ನೀರಳತೆಯ ಸ್ಥಾನ. ದೇವರಿಗೆ ಎಷ್ಟು ಹತ್ತಿರವೋ ನದಿಗೂ ಅಷ್ಟೇ ಹತ್ತಿರ.

ಈ ಗುಡಿಯ ಗೋಡೆಗಳು ಒಂದು ಕಡತದಂತೆ. ಕ್ರಿಸ್ತಶಕ 249ರ ಸುಮಾರಿನ ಒಂದು ಗ್ರೀಕ್ ಶಾಸನದಲ್ಲಿ ಅಧಿಕಾರಿಯೊಬ್ಬನು, ಹಂದಿ ಸಾಕುವವರು ತಮ್ಮ ಹಂದಿಗಳನ್ನು ದೇವಾಲಯದಿಂದ ಹೊರಕ್ಕೆ ಅಟ್ಟಬೇಕೆಂದು ಆಜ್ಞೆ ಮಾಡಿದ್ದಾನೆ. ಆ ಹೊತ್ತಿಗೇ ಗುಡಿಯ ಗತಿ ಏನಾಗಿತ್ತೆಂಬುದನ್ನು ಊಹಿಸಬಹುದು. ಮುಂದೆ ಐದನೆಯ ಶತಮಾನದಲ್ಲಿ ನೊಬಾಡರ ದೊರೆ ಸಿಲ್ಕೋ ಬ್ಲೆಮ್ಮಿಯರನ್ನು ಗೆದ್ದ ಬಿರುದಾವಳಿಯನ್ನು ಕೆತ್ತಿಸಿದ. ಇನ್ನೊಂದು ನೀಳ ಶಾಸನ ಮೆರೋಯಿಟಿಕ್ ಲಿಪಿಯಲ್ಲಿದೆ. ಅದರ ಅಕ್ಷರಗಳನ್ನು ಓದಬಹುದು, ಭಾಷೆ ಪೂರ್ತಿಯಾಗಿ ಇಂದಿಗೂ ಬಿಡಿಸಿಲ್ಲ. ಹಳಗನ್ನಡ ಶಾಸನಗಳ ಒಂದೊಂದು ಪದಕ್ಕೆ ವಾರಗಟ್ಟಲೆ ತಲೆಕೆಡಿಸಿಕೊಂಡವನಾದ ನನಗೆ, ಓದಲು ಬಂದೂ ಅರ್ಥವಾಗದ ಒಂದಿಡೀ ಶಾಸನವೆಂದರೆ ಎಂಥ ಸಂಕಟವೆಂಬುದು ಗೊತ್ತು.

ಈ ಮನೆಗೆ ಮೊದಲ ಕಂಟಕ 1902ರಲ್ಲಿ ಬಂತು. ಅಸ್ವಾನಿನಲ್ಲಿ ಬ್ರಿಟಿಷರು ಮೊದಲ ಅಣೆಕಟ್ಟನ್ನು ಕಟ್ಟಿ ಮುಗಿಸಿದ ವರ್ಷ ಅದು. ಅದರ ಯೋಜಕ ವಿಲಿಯಂ ವಿಲ್‌ಕಾಕ್ಸ್ ಭಾರತದಲ್ಲಿ ಹುಟ್ಟಿ ರೂರ್ಕಿಯ ಕಾಲೇಜಿನಲ್ಲಿ ಓದಿದವನು. ಗಂಗಾ ಕಾಲುವೆಯ ನೆರಳಿನಲ್ಲಿ ಕಲಿತ ವಿದ್ಯೆ ನೈಲಿಗೆ ಹೋಯಿತು. 1912ರಲ್ಲಿ ಒಮ್ಮೆ, 1930ರ ದಶಕದ ಆರಂಭದಲ್ಲಿ ಮತ್ತೊಮ್ಮೆ ಕಟ್ಟೆಯನ್ನು ಎತ್ತರಿಸಿದರು. ಮಣ್ಣು ತುಂಬಿದ ಹೊಸ ನೀರು ಬರುವಾಗ ತೂಬುಗಳನ್ನು ತೆರೆದಿಟ್ಟು, ಅದು ತಿಳಿಯಾಗಿ ಇಳಿಯುವಾಗ ಮುಚ್ಚಿ ನೀರು ನಿಲ್ಲಿಸುವುದು ಅದರ ಕ್ರಮ. ಇದರಿಂದ ಕಲಾಬ್ಶಾದ ಗುಡಿ ವರ್ಷದ ಬಹುಭಾಗ ಮುಳುಗಿರುತ್ತಿತ್ತು. ಬೇಸಗೆಯಲ್ಲಿ ಕೆಲವು ತಿಂಗಳು ಮಾತ್ರ ಮೇಲೆದ್ದು ಕಾಣುತ್ತಿತ್ತು. ಹಿಂದಿನ ಶತಮಾನದ ಪ್ರವಾಸಿಗರು ಮೆಚ್ಚಿದ್ದ ಗೋಡೆಗಳ ಬಣ್ಣವೆಲ್ಲ ತೊಳೆದುಹೋಯಿತು. ಹೀಗೆಯೇ ಮುಳುಗಿದ ಫಿಲೆ ದ್ವೀಪದ ಐಸಿಸ್ ದೇವಾಲಯದ ಬಗ್ಗೆ ಫ್ರೆಂಚ್ ಲೇಖಕ ಪಿಯರ್ ಲೋಟಿ 1909ರಲ್ಲಿ ಫಿಲೆಯ ಸಾವು ಎಂಬ ಅರ್ಥದ ಹೆಸರಿನಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದ. ನೀರನ್ನು ಅಳೆಯಲು ಇದ್ದ ಮನೆ ತಾನೇ ನೀರಿನ ಕೆಳಗೆ ಹೋಗಿ ಕುಳಿತದ್ದಕ್ಕೆ ಯಾರೂ ಪುಸ್ತಕ ಬರೆಯಲಿಲ್ಲ.

ಮೊದಲ ಕಟ್ಟೆಯ ಕೊರತೆಯೆಂದರೆ ಅದು ಒಂದು ವರ್ಷದ ನೀರನ್ನು ಅದೇ ವರ್ಷಕ್ಕೆ ಮಾತ್ರ ಹಿಡಿಯಬಲ್ಲುದಾಗಿತ್ತು. ಬರ ಬಂದರೆ ಒಂದೇ ವರ್ಷಕ್ಕೆ ನಿಲ್ಲುವುದಿಲ್ಲ ಎಂಬುದು ನಮ್ಮ ಬಯಲುಸೀಮೆಯವರಿಗೆ ಹೇಳಬೇಕಾದ ಮಾತಲ್ಲ. ಒಳ್ಳೆಯ ಕಾಲದ ನೀರನ್ನು ಕೆಟ್ಟ ಕಾಲಕ್ಕೆಂದು ವರ್ಷಾನುಗಟ್ಟಲೆ ಕೂಡಿಡಬೇಕಾದರೆ ಎಷ್ಟು ದೊಡ್ಡ ಜಲಾಶಯ ಬೇಕು? ಇದನ್ನು ಲೆಕ್ಕಹಾಕಲು ಹೊರಟವನು ಹೆರಾಲ್ಡ್ ಎಡ್ವಿನ್ ಹರ್ಸ್ಟ್ ಎಂಬ ಇಂಗ್ಲಿಷ್ ವಿಜ್ಞಾನಿ. 1906ರಲ್ಲಿ ಈಜಿಪ್ಟಿಗೆ ಬಂದ ಅವನು ತನ್ನ ಬಾಳನ್ನೆಲ್ಲ ಆ ನದಿಗೆ ಕೊಟ್ಟ. ಜನ ಅವನನ್ನು ಅಬು ನಿಲ್, ನೈಲಿನ ತಂದೆ, ಎಂದು ಕರೆದರು. ಅವನಿಗೆ ದಶಕಗಳ ಅಂಕಿ ಸಾಲದು, ಶತಮಾನಗಳದು ಬೇಕು. ಅವು ಸಿಕ್ಕಿದ್ದು ಕೈರೋ ನಗರದ ರೋಡಾ ದ್ವೀಪದ ನೀರಳತೆಯ ಮನೆಯಿಂದ.

ರೋಡಾದ ಈ ಮನೆಯನ್ನು ಈಗಿನ ರೂಪದಲ್ಲಿ ಕಟ್ಟಿಸಿದವನು ಅಬ್ಬಾಸಿ ಖಲೀಫ ಮುತವಕ್ಕಿಲ್, ಕ್ರಿಸ್ತಶಕ 861ರಲ್ಲಿ. ಕಲ್ಲು ಕಟ್ಟಿದ ಆಳವಾದ ಗುಂಡಿ, ನಡುವೆ ಮೊಳಗಳನ್ನು ಕೊರೆದ ಎಂಟು ಮುಖದ ಕಂಬ, ನದಿಯ ನೀರು ಒಳಬರಲು ಒಂದರ ಮೇಲೊಂದು ಮೂರು ಸುರಂಗ. ಇಲ್ಲಿಂದ ಹೊರಟ ಅಂಕಿಯನ್ನು ಡಂಗುರದವರು ಬೀದಿಬೀದಿಯಲ್ಲಿ ಸಾರುತ್ತಿದ್ದರು. ನೀರು ಕಡಿಮೆ ಎಂಬ ಸುದ್ದಿ ಹರಡಿದರೆ ಅಂದೇ ಧಾನ್ಯ ಕಣಜಕ್ಕೆ ಸೇರಿ ಬೆಲೆ ಏರುತ್ತಿತ್ತು. ಇದನ್ನು ಕಂಡ ಫಾತಿಮಿ ಖಲೀಫ ಮುಯಿಜ್ಜ್ ಹದಿನಾರು ಮೊಳ ತುಂಬುವವರೆಗೆ ಅಂಕಿಯನ್ನು ಬಹಿರಂಗಪಡಿಸಬಾರದೆಂದು ಕಟ್ಟುಮಾಡಿದ. ಅಂಕಿಯನ್ನು ಬಚ್ಚಿಡುವ ಸರ್ಕಾರದ ವಿದ್ಯೆ ಹೊಸದೇನೂ ಅಲ್ಲ. 1200ನೆಯ ಇಸವಿಯಲ್ಲಿ ನದಿ ಹದಿಮೂರು ಮೊಳವನ್ನೂ ಮುಟ್ಟಲಿಲ್ಲ. ಅನಂತರದ ಭೀಕರ ಕ್ಷಾಮವನ್ನು ವೈದ್ಯನಾದ ಅಬ್ದುಲ್ ಲತೀಫ್ ಬಗ್ದಾದಿ ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಆ ವಿವರಗಳನ್ನು ನಾನು ಇಲ್ಲಿ ಹೇಳಲಾರೆ.

ಏಳನೆಯ ಶತಮಾನದಿಂದ ಮೊದಲಾಗುವ ರೋಡಾದ ದಾಖಲೆಗಳನ್ನು ಹರ್ಸ್ಟ್ ತೂಗಿನೋಡಿದ. ಒಳ್ಳೆಯ ವರ್ಷಗಳು ಒಳ್ಳೆಯ ವರ್ಷಗಳೊಡನೆಯೂ ಕೆಟ್ಟವು ಕೆಟ್ಟವುಗಳೊಡನೆಯೂ ಗುಂಪುಗೂಡುತ್ತವೆ. ಆದುದರಿಂದ ಸಾಮಾನ್ಯ ಗಣಿತ ಹೇಳುವುದಕ್ಕಿಂತ ದೊಡ್ಡ ಸಂಗ್ರಹ ಬೇಕು ಎಂದು ಅವನು ಕಂಡುಕೊಂಡ. 1951ರಲ್ಲಿ ಪ್ರಕಟವಾದ ಈ ಶೋಧ ಇಂದು ಗಣಿತದಲ್ಲಿ ಅವನ ಹೆಸರಿನಿಂದಲೇ ನಡೆಯುತ್ತಿದೆ. ಹರ್ಸ್ಟ್‌ನ ಒಲವು ಮೇಲ್ಗಡೆಯ ಆಫ್ರಿಕದ ಸರೋವರಗಳಲ್ಲಿ ನೀರು ಹಿಡಿಯುವ ಕಡೆಗಿತ್ತು. ಆದರೆ 1952ರ ಕ್ರಾಂತಿಯ ಅನಂತರ ಬಂದ ಹೊಸ ಸರ್ಕಾರ, ನೀರು ಅನ್ಯರ ನಾಡಿನಲ್ಲಿ ನಿಲ್ಲುವುದನ್ನು ಒಪ್ಪದೆ, ಅಷ್ಟೂ ನೀರನ್ನು ಅಸ್ವಾನಿನಲ್ಲೇ ಹಿಡಿಯಲು ನಿಶ್ಚಯಿಸಿತು. 1960ರಲ್ಲಿ ಪ್ರಾರಂಭವಾದ ಉನ್ನತ ಅಣೆಕಟ್ಟು 1970ರಲ್ಲಿ ಮುಗಿಯಿತು. ನದಿಯನ್ನು ತಡೆದದ್ದು 1964ರಲ್ಲಿ. ಅಲ್ಲಿಗೆ ಈಜಿಪ್ಟಿನ ವಾರ್ಷಿಕ ಪ್ರವಾಹ ನಿಂತುಹೋಯಿತು. ನೀರಳತೆಯ ಮನೆಗಳು ಸಾವಿರ ವರ್ಷ ಬರೆದಿಟ್ಟ ಲೆಕ್ಕವೇ ಆ ಮನೆಗಳಿಗೆ ಕೆಲಸವಿಲ್ಲದಂತೆ ಮಾಡಿದ ಕಟ್ಟೆಯ ಗಣಿತಕ್ಕೆ ನೆರವಾಯಿತು.

ಹೊಸ ಜಲಾಶಯದ ಉದ್ದ ಸುಮಾರು 500 ಕಿಲೋಮೀಟರ್. ನೂಬಿಯದ ದೇವಾಲಯಗಳು ಇನ್ನು ಋತುವಿಗೊಮ್ಮೆ ಮುಳುಗಿ ಏಳುವಂತಿರಲಿಲ್ಲ, ಮುಳುಗಿದರೆ ಮುಳುಗಿದಂತೆಯೇ. 1960ರ ಮಾರ್ಚ್ 8ರಂದು ಯುನೆಸ್ಕೊ ಜಗತ್ತಿನ ನೆರವನ್ನು ಬೇಡಿತು. ನಮ್ಮ ದೇಶದ ಪುರಾತತ್ತ್ವ ಇಲಾಖೆಯೂ ಬಿ.ಬಿ. ಲಾಲ್ ಅವರ ನೇತೃತ್ವದಲ್ಲಿ ನೂಬಿಯಕ್ಕೆ ಹೋಗಿ ಆಫಿಯೆ ಎಂಬಲ್ಲಿ ಉತ್ಖನನ ನಡೆಸಿತು. ಆ ಹೊತ್ತಿಗೆ ಇಲ್ಲಿ ನಾಗಾರ್ಜುನಕೊಂಡದ ಕಣಿವೆಯನ್ನು ನೀರಿನಿಂದ ಉಳಿಸಿಕೊಳ್ಳುವ ಕೆಲಸದ ಅನುಭವ ನಮ್ಮ ವಿದ್ವಾಂಸರಿಗೆ ಇತ್ತು. ಕಲಾಬ್ಶಾವನ್ನು ಎತ್ತಿಡುವ ಹೊಣೆಯನ್ನು ಪಶ್ಚಿಮ ಜರ್ಮನಿ ವಹಿಸಿಕೊಂಡಿತು.

1961ರಿಂದ 1963ರವರೆಗೆ ಆ ಕೆಲಸ ನಡೆಯಿತು. ಸುಮಾರು 13,000 ಕಲ್ಲುಗಳು. ಪ್ರತಿಯೊಂದಕ್ಕೂ ಸಂಖ್ಯೆ ಬರೆದು, ಬಿಚ್ಚಿ, ದೋಣಿಗಳಲ್ಲಿ ಹೇರಿ, ಉತ್ತರಕ್ಕೆ ತಂದು ಉನ್ನತ ಅಣೆಕಟ್ಟಿನ ಸಮೀಪದ ಎತ್ತರದ ನೆಲದಲ್ಲಿ ಮತ್ತೆ ಜೋಡಿಸಿದರು. ಬಿಚ್ಚುವಾಗ ಗೋಡೆ ತಳಪಾಯಗಳೊಳಗೆ ಇನ್ನೂ ಹಳೆಯ ಗುಡಿಯ ಕಲ್ಲುಗಳು ದೊರೆತವು. ಅವುಗಳಿಂದ ಮೂಡಿದ ಒಂದು ಮಹಾದ್ವಾರವನ್ನು ಈಜಿಪ್ಟ್ ಕೃತಜ್ಞತೆಯಿಂದ ಜರ್ಮನಿಗೆ ಕೊಟ್ಟಿತು. ಅದು ಬರ್ಲಿನ್ನಿಗೆ ಹೋಯಿತು. ಎಪ್ಪತ್ತರ ದಶಕದಲ್ಲಿ ಫಿಲೆಯ ಗುಡಿಯನ್ನೂ ಹೀಗೆಯೇ ಪಕ್ಕದ ಅಗಿಲ್ಕಿಯಾ ದ್ವೀಪಕ್ಕೆ ಎತ್ತಿಟ್ಟರು. ಅಲ್ಲಿಯ ಹೇಡ್ರಿಯನ್ ದ್ವಾರದಲ್ಲಿ ನೈಲ್ ದೇವತೆ ಹಾವು ಸುತ್ತಿದ ಗುಹೆಯೊಂದರಲ್ಲಿ ಕುಳಿತು ನೀರು ಹೊಯ್ಯುತ್ತಿರುವ ಶಿಲ್ಪವಿದೆ. ಪ್ರವಾಹ ಹುಟ್ಟುವುದೇ ಎದುರಿನ ಬಿಗೇ ದ್ವೀಪದ ಕೆಳಗೆ ಎಂದು ಅವರು ನಂಬಿದ್ದರು.

ಈ ಸಾಹಸವನ್ನು ನಾನು ಲಘುವಾಗಿ ಕಾಣುವವನಲ್ಲ. ಕನ್ನಂಬಾಡಿಯ ನೀರಿನಲ್ಲಿ ಮುಳುಗಿದ್ದ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿಯ ಗುಡಿಯನ್ನು ಈ ಶತಮಾನದಲ್ಲಿ ಬಿಡಿಸಿ ತಂದು ಹೊಸಕನ್ನಂಬಾಡಿಯ ದಡದಲ್ಲಿ ನಿಲ್ಲಿಸಿದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಗುಡಿಯನ್ನು ಎತ್ತಿ ಇಡಬಹುದು; ದೇವರನ್ನು ಮತ್ತೆ ಪ್ರತಿಷ್ಠೆ ಮಾಡಬಹುದು, ನಮ್ಮ ಆಗಮಗಳಲ್ಲಿ ಅದಕ್ಕೆ ವಿಧಿಯಿದೆ. ಕಂಬ ಎಲ್ಲಿ ನಿಂತರೂ ಕಂಬವೇ, ಶಿಲ್ಪ ಎಲ್ಲಿದ್ದರೂ ಶಿಲ್ಪವೇ. ನೀರಳತೆಯ ಮನೆಯ ವಿಷಯ ಹಾಗಲ್ಲ. ಅದರ ಕಲ್ಲುಗಳನ್ನೆಲ್ಲ ಒಂದೂ ಬಿಡದೆ ತರಬಹುದು. ಅದರ ಸೊನ್ನೆಯನ್ನು ತರಲಾಗುವುದಿಲ್ಲ. ಸೊನ್ನೆ ಇದ್ದುದು ಕಲ್ಲಿನಲ್ಲಿ ಅಲ್ಲ, ಆ ಕಲ್ಲಿಗೂ ಆ ದಡಕ್ಕೂ ನಡುವೆ. ತಲ್ಮಿಸಿನ ಇಕ್ಕಟ್ಟಾದ ಕಣಿವೆಯಲ್ಲಿ ಇಷ್ಟು ಮೊಳವೆಂದರೆ ಇಂಥ ಹೊಲಕ್ಕೆ ನೀರು ಎಂಬ ತಿಳಿವು ಆ ಸ್ಥಳದ್ದು. ಅದು ಮುಳುಗಿದ ನೆಲದೊಡನೆ ಅಲ್ಲಿಯೇ ಉಳಿಯಿತು.

ರೋಡಾದ ಮನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದು ಕಟ್ಟಿದ ಸ್ಥಳದಲ್ಲಿಯೇ ಇದೆ. ಆದರೆ ಸುರಂಗಗಳನ್ನು ಮುಚ್ಚಿರುವುದರಿಂದ ನೀರು ಬರುವುದಿಲ್ಲ. ಪ್ರವಾಸಿಗರು ಒಣಗಿದ ತಳದವರೆಗೂ ಮೆಟ್ಟಿಲಿಳಿದು ಹೋಗಿಬರುತ್ತಾರೆ. ಅಲ್ಲಿ ನೆಲೆ ಇದೆ, ನೀರಿಲ್ಲ. ಹೊಸ ಕಲಾಬ್ಶಾದಲ್ಲಿ ಸುತ್ತಲೂ ನೀರು, ಜಲಾಶಯ ಏರಿದಾಗ ದೋಣಿಯಲ್ಲೇ ಹೋಗಬೇಕು, ನೆಲೆ ಇಲ್ಲ. ಆ ನೀರಿನ ಮಟ್ಟವನ್ನು ಈಗ ಎಂಜಿನಿಯರುಗಳು ನಮ್ಮ ತುಂಗಭದ್ರೆಯಂತೆ ಸಮುದ್ರದಿಂದ ಎಣಿಸುತ್ತಾರೆ, ಮೀಟರುಗಳಲ್ಲಿ. 2025ರಲ್ಲಿ ಇಥಿಯೋಪಿಯ ನೀಲಿ ನೈಲಿನ ಮೇಲೆ ತನ್ನ ಮಹಾ ಅಣೆಕಟ್ಟನ್ನು ಉದ್ಘಾಟಿಸಿದ ಮೇಲಂತೂ ಕೈರೋದವರ ಕಣ್ಣು ಮತ್ತೆ ಮೇಲ್ಗಡೆಯ ಅಂಕಿಗಳ ಮೇಲೆ ನೆಟ್ಟಿದೆ.

ಕೊನೆಯದಾಗಿ ಆ ಊರಿನ ಜನದ ಮಾತು. ಗುಡಿಯ ಕಲ್ಲುಗಳಿಗೆ ಸಂಖ್ಯೆ ಹಾಕಿದಂತೆ ನೂಬಿಯದ ಮನೆಗಳಿಗೂ ಎಣಿಕೆ ನಡೆಯಿತು. 1963ರ ಅಕ್ಟೋಬರಿನಿಂದ 1964ರ ಜೂನ್ ವರೆಗೆ ಈಜಿಪ್ಟಿನ ಭಾಗದ ಸುಮಾರು 50,000 ನೂಬಿಯನ್ನರನ್ನು ಅಸ್ವಾನಿನ ಉತ್ತರಕ್ಕೆ ಕೊಮ್ ಒಂಬೊ ಬಯಲಿಗೆ ಸಾಗಿಸಿದರು. ಸೂಡಾನ್ ಭಾಗದಲ್ಲಿಯೂ ಹತ್ತಿರಹತ್ತಿರ ಅಷ್ಟೇ ಜನ ವಾದಿ ಹಲ್ಫಾವನ್ನು ಬಿಟ್ಟು ದೂರದ ಖಷ್ಮ್ ಅಲ್ ಗಿರ್ಬಾಕ್ಕೆ ಹೋದರು. ಹಿಂದಿನ ಕಟ್ಟೆಯನ್ನು ಎತ್ತರಿಸಿದಾಗಲೆಲ್ಲ ಈ ಜನ ತಮ್ಮ ಮನೆಗಳನ್ನು ಅದೇ ದಡದಲ್ಲಿ ಇನ್ನಷ್ಟು ಮೇಲಕ್ಕೆ ಕಟ್ಟಿಕೊಂಡಿದ್ದರು; ಈ ಸಲ ಹತ್ತಲು ದಡವೇ ಉಳಿಯಲಿಲ್ಲ. ಹೊಸ ಹಳ್ಳಿಗಳಿಗೆ ಹಳೆಯ ಹೆಸರುಗಳನ್ನೇ ಇಟ್ಟರು. ಹೀಗಾಗಿ ಇಂದು ಕಲಾಬ್ಶಾ ಎಂಬ ಹೆಸರು ಎರಡು ಕಡೆ ಇದೆ. ಒಂದು ಅಣೆಕಟ್ಟಿನ ಹಿಂದೆ, ನೀರಿನ ನಡುವೆ. ಅಲ್ಲಿ ಗುಡಿಯಿದೆ, ನೀರಳತೆಯ ಮನೆಯಿದೆ, ಊರಿಲ್ಲ. ಇನ್ನೊಂದು ಕೊಮ್ ಒಂಬೊ ಬಯಲಿನಲ್ಲಿ, ಸಾಲಾಗಿ ಕಟ್ಟಿದ ಸರ್ಕಾರಿ ಮನೆಗಳ ಊರು. ನದಿ ಅಲ್ಲಿಂದ ಕೆಲವು ಕಿಲೋಮೀಟರ್ ದೂರ.